ಕರಿಯ ಎಂದರೆ ಯಾವ ಕರಿಯ?

ಬ್ಯಾಂಕಿನವರು ತಮ್ಮ ಜಾಲತಾಣಕ್ಕೆ ಹೊಸದಾಗಿ ಸುಣ್ಣಬಣ್ಣ ಹೊಡೆಸಿದ್ದಾರೆ. ಆದ್ದರಿಂದ ಹಳೆಯ ಗಿರಾಕಿಗಳೆಲ್ಲ ತಾವು ತಾವೇ ಎಂಬುದನ್ನು ಮತ್ತೊಮ್ಮೆ ರುಜುವಾತು ಮಾಡಬೇಕಂತೆ. ಆಧಾರ್ ಕೊಟ್ಟಾಯಿತು, ಪಾನ್ ಕೊಟ್ಟಾಯಿತು, ಮೊಬೈಲಿಗೆ ಬಂದ ಅಂಕಿಗಳನ್ನು ಕನ್ನಡಕ ಹುಡುಕುವಷ್ಟರಲ್ಲಿ ಗಡುವು ಮೀರಿ, ಮತ್ತೆ ತರಿಸಿಕೊಂಡು ತುಂಬಿದ್ದೂ ಆಯಿತು. ಅಷ್ಟಕ್ಕೂ ತೃಪ್ತಿಯಾಗದೆ ಕಡೆಗೆ ಗುಟ್ಟಿನ ಪ್ರಶ್ನೆಗಳು ಬಂದವು. ತಾಯಿಯ ತವರಿನ ಅಡ್ಡಹೆಸರೇನು? ನಮ್ಮ ಕಡೆ ಊರಿನ ಹೆಸರೇ ಅಡ್ಡಹೆಸರು, ಬರೆದೆ. ಓದಿದ ಮೊದಲ ಶಾಲೆ ಯಾವುದು? ಅದನ್ನೂ ಬರೆದೆ. ಮೂರನೆಯದು: ನಿಮ್ಮ ಮೊದಲ ಸಾಕುಪ್ರಾಣಿಯ ಹೆಸರೇನು?

"ಏನಾದರೂ ಒಂದು ಹಾಕಪ್ಪ, ಆಮೇಲೆ ನೆನಪಿಟ್ಟುಕೊಂಡರಾಯಿತು" ಎಂದಳು ಮಗಳು. ಏನಾದರೂ ಒಂದು ಹಾಕಬಹುದಾದರೆ ಕೇಳುವುದಾದರೂ ಏಕೆ? ಹಣದ ವಿಷಯದಲ್ಲಿ ನಾನು ಸುಳ್ಳು ಹೇಳುವವನಲ್ಲ. ಆದರೆ ನಿಜ ಹೇಳಲು ಹೊರಟರೆ ಅವರು ಕೊಟ್ಟ ಆ ಗೇಣುದ್ದದ ಖಾನೆ ಸಾಲುವುದಿಲ್ಲ.

ಮೊದಲನೆಯದು ಎಂದರೆ ಯಾವುದು? ನಾನು ಹುಟ್ಟುವಾಗ ಕೊಟ್ಟಿಗೆ ತುಂಬಿತ್ತು. ಅಟ್ಟದ ಮೇಲೆ ಬೆಕ್ಕು ಮರಿ ಹಾಕಿತ್ತು. ಜಗಲಿಯ ಕೆಳಗೆ ನಾಯಿ ಮಲಗಿತ್ತು. ಇವೆಲ್ಲ ಮೊದಲೇ ಇದ್ದ ಮನೆಗೆ ನಾನು ಆಮೇಲೆ ಬಂದು ಸೇರಿದವನು. ನ್ಯಾಯವಾಗಿ ಕೇಳಬೇಕಾದದ್ದು ಅವುಗಳನ್ನು.

ಇನ್ನು ಹೆಸರು. ಬೆಕ್ಕಿಗೆ ಹೆಸರಿಡುವ ಪದ್ಧತಿಯೇ ನಮ್ಮಲ್ಲಿರಲಿಲ್ಲ. ಬೆಕ್ಕು ಎಂದರೆ ಬೆಕ್ಕು. ಹಾಲು ಕುಡಿದು ಓಡಿದಾಗ "ಹಾಳು ಬೆಕ್ಕು", ಇಲಿ ಹಿಡಿದ ದಿನ "ನಮ್ಮ ಬೆಕ್ಕು". ಹಸುಗಳಿಗೆ ಮಾತ್ರ ಚೆಂದದ ಹೆಸರುಗಳಿದ್ದವು. ಗಂಗೆ, ಗೌರಿ, ತುಂಗೆ, ಬೆಳ್ಳಿ, ಮೈಬಣ್ಣ ನೋಡಿ ಕೌಲೆ. ಎಲ್ಲವೂ ಮಲೆನಾಡು ಗಿಡ್ಡ. ಒಂದು ಹೊತ್ತಿಗೆ ಒಂದು ಸೇರು ಹಾಲು ಇಳಿಸಿದರೆ ಆ ದಿನ ಅಜ್ಜಿಯ ಮುಖದಲ್ಲಿ ಹಬ್ಬ. ಆದರೆ ಗಂಗೆ ಸತ್ತ ವರ್ಷ ಹುಟ್ಟಿದ ಹೆಣ್ಣುಕರು ತಾನಾಗಿ ಗಂಗೆಯಾಗುತ್ತಿತ್ತು. ಹೀಗಾಗಿ ನಮ್ಮ ಕೊಟ್ಟಿಗೆಯಲ್ಲಿ ಗಂಗೆ ಇಲ್ಲದ ದಿನವೇ ಇರಲಿಲ್ಲ, ಯಾವ ಗಂಗೆ ಎಂದು ಕೇಳಿದವರೂ ಇರಲಿಲ್ಲ.

ನಾಯಿಯದು ಇನ್ನೂ ಸುಲಭ. ನಾಯಿಯ ಹೆಸರು ಕರಿಯ. ಒಂದು ಹೋದ ಮೇಲೆ ಇನ್ನೊಂದು ಬಂದರೂ ಕರಿಯನೇ. ಚಿಕ್ಕಪ್ಪ ಒಮ್ಮೆ ಶಿವಮೊಗ್ಗದಿಂದ ಬಸ್ಸಿನಲ್ಲಿ ಕೈಚೀಲದೊಳಗೆ ಮುಚ್ಚಿಟ್ಟುಕೊಂಡು ಒಂದು ಮರಿ ತಂದ. ಬಣ್ಣ ಕಂದು. ಟೈಗರ್ ಎಂದು ನಾಮಕರಣವನ್ನೂ ಅವನೇ ಮಾಡಿದ. ಅಜ್ಜಿ ಮರುದಿನ ಬೆಳಿಗ್ಗೆ ಅಡಿಕೆ ಹಾಳೆಯಲ್ಲಿ ಅನ್ನ ಹಾಕಿ ಹಿತ್ತಿಲ ಬಾಗಿಲಲ್ಲಿ ನಿಂತು "ಕರಿಯಾ" ಎಂದು ಕೂಗಿದಳು. ಅದು ಬಾಲ ಆಡಿಸುತ್ತ ಓಡಿ ಬಂತು. ಮುಂದೆ ಟೈಗರ್ ಎಂದು ಕರೆದರೆ ಚಿಕ್ಕಪ್ಪನನ್ನೇ ವಿಚಿತ್ರವಾಗಿ ನೋಡುತ್ತಿತ್ತು. ತಳಿ ಯಾವುದೆಂದು ಕೇಳಬೇಡಿ. 2005ರಲ್ಲಿ ಅಂಚೆ ಇಲಾಖೆ ನಾಲ್ಕು ದೇಶಿ ನಾಯಿತಳಿಗಳ ಅಂಚೆಚೀಟಿ ಹೊರಡಿಸಿದಾಗ ನಮ್ಮ ಮುಧೋಳದ ನಾಯಿಗೆ ಅದರಲ್ಲಿ ಸ್ಥಾನ ಸಿಕ್ಕಿತು, ಸಂತೋಷ. ಜಗಲಿಯ ಕೆಳಗಿನ ನಾಯಿಗೆ ಯಾರೂ ಚೀಟಿ ಹಚ್ಚುವುದಿಲ್ಲ. ಧರ್ಮರಾಯನ ಹಿಂದೆ ಸ್ವರ್ಗದ ಬಾಗಿಲವರೆಗೆ ನಡೆದುಹೋದ ನಾಯಿಗೂ ಹೆಸರಿಲ್ಲ. ಅದೇ ಕೃಷ್ಣನ ರಥದ ಕುದುರೆಗಳಿಗಾದರೆ ಶೈಬ್ಯ, ಸುಗ್ರೀವ, ಮೇಘಪುಷ್ಪ, ಬಲಾಹಕ ಎಂದು ಒಂದೊಂದಕ್ಕೂ ಬೇರೆ ಬೇರೆ ಹೆಸರು. ವಾಹನವುಳ್ಳವರ ಲೆಕ್ಕವೇ ಬೇರೆ.

ನಾನು ಇಷ್ಟು ಹೇಳುವಷ್ಟರಲ್ಲಿ ಮಗಳು ಸಹನೆಗೆಟ್ಟು ತಾನೇ ಏನನ್ನೋ ಒತ್ತಿ ಮುಗಿಸಿದಳು. ಏನೆಂದು ಹೇಳಲಿಲ್ಲ. ಭದ್ರತೆಯ ವಿಷಯವಂತೆ.

ಆದರೆ ನನ್ನ ತಲೆಯಲ್ಲಿ ಕರಿಯ ಕೂತುಬಿಟ್ಟಿದ್ದ. ಕೆಳಮನೆ ಮಾವನನ್ನು ಕಚ್ಚಿದ ಕರಿಯ.

1978ರ ಮಳೆಗಾಲ. ಆ ವರ್ಷ ಮಳೆ ಹಿಂದಾದ ಮೇಲೆ ಇಂದಿರಾ ಗಾಂಧಿ ಚಿಕ್ಕಮಗಳೂರಿನಿಂದ ಚುನಾವಣೆಗೆ ನಿಂತದ್ದರಿಂದ ಇಸವಿ ಮರೆತಿಲ್ಲ. ಊರಿಗೆಲ್ಲ ಪೇಪರು ತರಿಸುತ್ತಿದ್ದುದು ನಮ್ಮ ಮನೆಗೆ ಮಾತ್ರ. ಅದು ಮಧ್ಯಾಹ್ನದ ಬಸ್ಸಿಗೆ ಬರುತ್ತಿತ್ತು. ಕೆಳಮನೆ ಮಾವ ಅದನ್ನು ಓದಲು ಸಂಜೆ ಬರುತ್ತಿದ್ದ. ಓದಿ ಸುಮ್ಮನೆ ಹೋಗುವವನಲ್ಲ. ಸರ್ಕಾರವನ್ನು ಬೈದು, ಅಡಿಕೆ ಧಾರಣೆಯನ್ನು ಬೈದು, ಕಡೆಗೆ ದಣಪೆ ದಾಟುವಾಗ ಕರಿಯನಿಗೊಂದು "ಹಚಾ" ಹೇಳಿ ಹೋಗುತ್ತಿದ್ದ. ಕರಿಯನಿಗೂ ಅವನನ್ನು ಕಂಡರೆ ಅಷ್ಟಕ್ಕಷ್ಟೆ. ಆದರೂ ದಿನಾ ಬರುವ ಮನುಷ್ಯ ಎಂಬ ಒಂದು ಮರ್ಯಾದೆಯನ್ನು ಅದು ಉಳಿಸಿಕೊಂಡಿತ್ತು.

ಶ್ರಾವಣದ ಒಂದು ಸಂಜೆ ಮಳೆ ಕವುಚಿ ಬೀಳುತ್ತಿತ್ತು. ಮಾವ ಕಂಬಳಿ ಕೊಪ್ಪೆ ಹಾಕಿಕೊಂಡು ಬಂದ. ಕೊಪ್ಪೆ ಹಾಕಿದವನಿಗೆ ದೂರದಿಂದ ನೋಡಿದರೆ ತಲೆಯೂ ಇರುವುದಿಲ್ಲ, ಹೆಗಲೂ ಇರುವುದಿಲ್ಲ. ಕಪ್ಪಗಿನ ಒಂದು ರಾಶಿಗೆ ಎರಡು ಕಾಲು. ಸಾಲದ್ದಕ್ಕೆ ಕಾಲಿಗೆ ಹತ್ತಿದ ಉಂಬಳ ಕೀಳಲು ಆ ರಾಶಿ ಅಂಗಳದ ನಡುವೆ ಬಗ್ಗಿತು. ಕರಿಯನಿಗೆ ಏನನ್ನಿಸಿತೋ, ನೇರವಾಗಿ ಹೋಗಿ ಮೀನಖಂಡಕ್ಕೆ ಬಾಯಿ ಹಾಕಿತು.

ಅಜ್ಜಿ ಸುಣ್ಣ ಅರಿಶಿನ ಕಲಸಿ ಮೆತ್ತಿದಳು. ಅಪ್ಪ ಅದನ್ನು ತೊಳೆಸಿ ಮರುದಿನ ಏಳೂವರೆಯ ಬಸ್ಸಿಗೆ ಮಾವನನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದ. ಆಗೆಲ್ಲ ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದು, ದಿನಕ್ಕೊಂದರಂತೆ. ಆದರೆ ಡಾಕ್ಟರು ಒಂದು ಮಾತು ಸೇರಿಸಿದರಂತೆ: "ನಾಯಿಯನ್ನು ಹತ್ತು ದಿನ ನೋಡಿ. ಹತ್ತು ದಿನವೂ ಅದು ಆರೋಗ್ಯವಾಗಿದ್ದರೆ ಉಳಿದ ಇಂಜೆಕ್ಷನ್ ಬೇಡ." ಹುಚ್ಚು ಹಿಡಿದ ನಾಯಿ ಕಚ್ಚಿದ ಮೇಲೆ ಹತ್ತು ದಿನ ಬದುಕುವುದಿಲ್ಲ ಎಂಬುದು ಅದರ ಹಿಂದಿನ ಲೆಕ್ಕ. (ಈಗ ಹೊಟ್ಟೆಗೆ ಚುಚ್ಚುವುದಿಲ್ಲ, ತೋಳಿಗೆ, ಅದೂ ನಾಲ್ಕೈದು ಸಲ ಅಷ್ಟೆ. ನಾಯಿ ಕಚ್ಚಿದರೆ ಕಾಲು ಗಂಟೆ ಸೋಪು ನೀರಿನಲ್ಲಿ ತೊಳೆದು ಸೀದಾ ಆಸ್ಪತ್ರೆಗೆ ಹೋಗಿ. ಇದನ್ನು ಓದಿಕೊಂಡು ನಾಯಿಯ ಮುಖ ನೋಡುತ್ತ ಕೂರಬೇಡಿ.)

ಅಲ್ಲಿಂದ ಮಾವನ ಲೋಕವೇ ಬದಲಾಯಿತು. ನಿನ್ನೆಯವರೆಗೆ "ಆ ದರಿದ್ರದ್ದನ್ನು ಕಟ್ಟಿಹಾಕಬಾರದೆ" ಎನ್ನುತ್ತಿದ್ದವನು ಬೆಳಕು ಹರಿಯುವ ಮೊದಲೇ ನಮ್ಮ ಜಗಲಿಯಲ್ಲಿರುತ್ತಿದ್ದ. ಪಂಚೆಯನ್ನು ಹೊಕ್ಕುಳಿಗಿಂತ ಬಹಳ ಕೆಳಗೆ, ಬಿದ್ದೇ ಹೋಗುವಂತೆ ಕಟ್ಟಿಕೊಂಡಿರುತ್ತಿದ್ದ. ಹೊಟ್ಟೆಯ ಮೇಲೆ ಚುಚ್ಚಿದಲ್ಲೆಲ್ಲ ಗಂಟುಗಳು. ಕೂರುವಾಗ ಒಂದು ಕೈ ಕಂಬಕ್ಕೆ, ಒಂದು ಕೈ ಹೊಟ್ಟೆಗೆ.

"ಅತ್ತೆ, ಕರಿಯ ಅನ್ನ ತಿಂದಿತೆ?"

"ತಿನ್ನದೆ ಏನು ಮಾರಾಯ, ನನ್ನ ತಲೆಯನ್ನೂ ತಿನ್ನುತ್ತದೆ."

"ನೀರು ಕುಡಿಯಿತೆ? ನೀವು ಕಣ್ಣಾರೆ ನೋಡಿದಿರಾ?"

ನೀರಿನ ವಿಷಯದಲ್ಲಿ ಅವನಿಗೆ ಯಾರ ಮಾತಿನಲ್ಲೂ ನಂಬಿಕೆಯಿರಲಿಲ್ಲ. ಹುಚ್ಚು ಹಿಡಿದರೆ ನೀರು ಕಂಡು ಹೆದರುತ್ತದೆ ಎಂದು ಯಾರೋ ಹೇಳಿದ್ದರು. ಒಂದು ಬಟ್ಟಲು ನೀರನ್ನು ತಾನೇ ತಂದು ಅದರ ಮುಂದಿಟ್ಟು ಕೂತುಬಿಡುತ್ತಿದ್ದ. ಹೊರಗೆ ಆಕಾಶ ತೂತು ಬಿದ್ದಂತೆ ಮಳೆ. ಮಲಗಿದಲ್ಲೇ ನಾಲಗೆ ಚಾಚಿದರೆ ನೀರು ಸಿಗುವ ಊರಿನಲ್ಲಿ ನಾಯಿ ಬಟ್ಟಲಿನಿಂದ ಏಕೆ ಕುಡಿದೀತು? ಕರಿಯ ಬಟ್ಟಲನ್ನು ನೋಡಿ, ಮಾವನನ್ನು ನೋಡಿ, ಎದ್ದು ಬಚ್ಚಲ ಒಲೆಯ ಹತ್ತಿರ ಹೋಗಿ ಮಲಗುತ್ತಿತ್ತು. ಮಾವ ಬೆವರುತ್ತ ಬಸ್ಸಿಗೆ ಹೋಗುತ್ತಿದ್ದ.

ನೀರು ಕುಡಿಯದಿದ್ದರೆ ಹಾಲು ಕುಡಿದೀತು ಎಂದು ಆಮೇಲೆ ಹೊಳೆಯಿತು. ಅವನ ಮನೆಯ ಹಸು ಗಬ್ಬವಾಗಿ ಬತ್ತಿಸಿತ್ತು. ಆದ್ದರಿಂದ ಹಾಲೂ ನಮ್ಮದೇ. ನಮ್ಮ ತುಂಗೆಯ ಹಾಲು, ನಮ್ಮ ಅನ್ನ, ನಮ್ಮ ನಾಯಿ. ಕಲಸುವ ಕೈ ಮಾತ್ರ ಕೆಳಮನೆಯದು. ಕರಿಯ ಹುಟ್ಟಿದ ಲಾಗಾಯ್ತು ಹಾಲನ್ನ ಕಂಡಿರಲಿಲ್ಲ. ಮೂರೇ ದಿನಕ್ಕೆ ಅದರ ಮೈಗೆ ಹೊಳಪು ಬಂತು. ನಾವು ಹುಡುಗರು ಅಸೂಯೆಯಿಂದ ನೋಡುತ್ತಿದ್ದೆವು. ನಮಗೆ ಸಿಗುತ್ತಿದ್ದುದು ನೀರುಮಜ್ಜಿಗೆ.

ಇಷ್ಟರ ನಡುವೆ ನಮ್ಮ ಶಾಲೆಯ ಹೆಡ್‌ಮಾಸ್ತರರು, ತಿಳಿದದ್ದನ್ನು ಹೇಳದೆ ಇರಲಾರದ ಮನುಷ್ಯ, ದಾರಿಯಲ್ಲಿ ಸಿಕ್ಕ ಮಾವನಿಗೆ ಆ ಮದ್ದು ತಯಾರಾಗುವುದು ಕುರಿಯ ಮೆದುಳಿನಿಂದ ಎಂದುಬಿಟ್ಟರು. ಸುಳ್ಳೇನಲ್ಲ. ಡೇವಿಡ್ ಸೆಂಪಲ್ ಎಂಬ ಸೈನ್ಯದ ವೈದ್ಯ 1911ರಲ್ಲಿ ಕಸೌಲಿಯಲ್ಲಿ ಅದನ್ನು ರೂಪಿಸಿದ್ದು. ನಮ್ಮ ದೇಶದಲ್ಲಿ ಈ ಶತಮಾನ ಬಂದ ಮೇಲೂ ಕೆಲವು ವರ್ಷ ಅದೇ ನಡೆಯಿತು. ಆದರೆ ಜೀವಮಾನದಲ್ಲಿ ಬೆಳ್ಳುಳ್ಳಿ ಮುಟ್ಟದ, ಏಕಾದಶಿಯ ದಿನ ಎಂಜಲನ್ನೂ ಲೆಕ್ಕ ಹಾಕಿ ನುಂಗುವ ಮನುಷ್ಯನಿಗೆ, ಅದೂ ಅರ್ಧ ಚುಚ್ಚುಮದ್ದು ಆದ ಮೇಲೆ, ಇದನ್ನು ಹೇಳಬೇಕಿತ್ತೆ? ಮಾವ ಬಸ್ಸಿಳಿದವನು ಮನೆಗೆ ಹೋಗದೆ ಹೊಳೆಗೆ ಹೋಗಿ ಮುಳುಗು ಹಾಕಿದ. ಒಳಗೆ ಹೋದದ್ದನ್ನು ಹೊರಗಿನಿಂದ ತೊಳೆಯುವುದು ಹೇಗೆ ಎಂದು ಆಮೇಲೆ ನಮ್ಮ ಜಗಲಿಯಲ್ಲಿ ಕೂತು ಕೇಳಿದ. "ಮದ್ದಿಗೆ ಮೈಲಿಗೆಯಿಲ್ಲ, ಸುಮ್ಮನೆ ಚುಚ್ಚಿಸಿಕೋ" ಎಂದಳು ಅಜ್ಜಿ. ಪುರೋಹಿತರು, ಚುಚ್ಚಿಸಿಕೊಳ್ಳಲಿ, ಮುಗಿದ ಮೇಲೆ ಪಂಚಗವ್ಯ ತೆಗೆದುಕೊಳ್ಳಲಿ ಎಂದರು. ಮಾವ ಇಬ್ಬರ ಮಾತನ್ನೂ ಕೇಳಿದ. ಆದರೆ ಕರಿಯ ಹತ್ತು ದಿನ ಬದುಕಿದರೆ ನಾಲ್ಕು ಕುರಿಯಾದರೂ ಉಳಿಯುತ್ತದೆ ಎಂಬ ಲೆಕ್ಕ ಈಗ ಇನ್ನಷ್ಟು ಗಟ್ಟಿಯಾಯಿತು.

ಎಂಟನೆಯ ಬೆಳಿಗ್ಗೆ ಕರಿಯ ಇರಲಿಲ್ಲ.

ಚೌತಿ ಹತ್ತಿರ ಬಂದಿತ್ತು. ಆ ಕಾಲದಲ್ಲಿ ಗಂಡುನಾಯಿಗಳು ಊರೂರು ಅಲೆಯಲು ಹೊರಡುವುದು ಎಲ್ಲರಿಗೂ ಗೊತ್ತಿದ್ದ ವಿಷಯ; ಆದರೆ ಅದನ್ನು ಮಾವನಿಗೆ ಹೇಳಿ ಒಪ್ಪಿಸುವವರು ಯಾರು? ಅವನ ಪ್ರಕಾರ ಕರಿಯ ಎಲ್ಲೋ ಪೊದೆಯಲ್ಲಿ ಜೊಲ್ಲು ಸುರಿಸುತ್ತ ಸತ್ತು ಬಿದ್ದಿತ್ತು. ಆ ದಿನ ಬಸ್ಸು ತಪ್ಪಿಸಿಕೊಂಡ. ಅಪ್ಪ ಬೈದು ಮಧ್ಯಾಹ್ನದ ಬಸ್ಸಿಗೆ ಹತ್ತಿಸುವವರೆಗೆ ಗುಡ್ಡದ ನೆತ್ತಿಯ ಮೇಲೆ ನಿಂತು, ಕೊಪ್ಪೆಯನ್ನೂ ಹಾಕದೆ, "ಕರಿಯಾ, ಓ ಕರಿಯಾ" ಎಂದು ಕೂಗಿದ. ಆ ದನಿಯಲ್ಲಿ ಇದ್ದದ್ದು ಅಕ್ಕರೆಯೋ ಭಯವೋ ಬೇರ್ಪಡಿಸಲು ಬರುತ್ತಿರಲಿಲ್ಲ.

ಕರಿಯ ಬಂದ. ಅಂಗಡಿಮನೆಯ ಕರಿಯ ಬಂದ. ಅವನ ಹಿಂದೆ ಹೆಡ್‌ಮಾಸ್ತರರ ಕರಿಯ. ಸ್ವಲ್ಪ ತಡವಾಗಿ, ಹಿಂಗಾಲು ಎಳೆಯುತ್ತ, ಆಚೆಕೇರಿಯ ಮುದಿ ಕರಿಯ. ಕೂಗಿದವನ ಕಾಲ ಬಳಿ ಬಾಲ ಆಡಿಸುತ್ತ ಮೂವರೂ ನಿಂತರು. ಒಂದೂ ನಮ್ಮದಲ್ಲ. ಊರಿನಲ್ಲಿ ಅಷ್ಟೊಂದು ಕರಿಯರಿದ್ದಾರೆಂದು ಅದುವರೆಗೆ ಯಾರಿಗೂ ಲೆಕ್ಕ ಸಿಕ್ಕಿರಲಿಲ್ಲ. "ಇವುಗಳಲ್ಲಿ ಯಾವುದಾದರೂ ಆಗುವುದಿಲ್ಲವೆ?" ಎಂದು ಚಿಕ್ಕಪ್ಪ ಕೇಳಿದ. ಮಾವ ಅವನೊಡನೆ ಆಮೇಲೆ ಬಹಳ ಕಾಲ ಮಾತಾಡಲಿಲ್ಲ.

ಒಂಬತ್ತನೆಯ ದಿನ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಕರಿಯ ತಾನಾಗಿ ಬಂತು. ಬಲಗಿವಿಯ ತುದಿ ಹರಿದು ನೇತಾಡುತ್ತಿತ್ತು. ಮೈಯೆಲ್ಲ ಕೆಸರು. ಯಾರನ್ನೂ ನೋಡದೆ ನೆಟ್ಟಗೆ ಕೊಟ್ಟಿಗೆಗೆ ಹೋಗಿ ತುಂಗೆಗೆಂದು ಇಟ್ಟಿದ್ದ ಅಕ್ಕಚ್ಚಿನ ಬಾನಿಗೆ ಮೂತಿ ಇಳಿಸಿತು. ಲೊಚ ಲೊಚ ಲೊಚ ಎಂದು ನಿಲ್ಲದೆ ಕುಡಿಯಿತು. ಮಾವ ಕೊಟ್ಟಿಗೆಯ ಬಾಗಿಲಲ್ಲಿ ಸೆಗಣಿಯ ಮೇಲೆ ಬರಿಗಾಲಲ್ಲಿ ನಿಂತಿದ್ದ. "ಕುಡಿಯಿತು, ಅತ್ತೆ! ಕುಡಿಯಿತು!" ಎಂದ. ಅವನ ಮೊದಲ ಮಗನ ಮದುವೆಯಲ್ಲೂ ಆ ಮುಖವನ್ನು ನಾನು ಕಾಣಲಿಲ್ಲ.

ಹತ್ತು ದಿನ ಕಳೆಯಿತು. ನಾಲ್ಕು ಚುಚ್ಚುಮದ್ದು ಉಳಿಯಿತು. ಕರಿಯ ಮಾತ್ರ ಹಾಲನ್ನವನ್ನು ಮರೆಯಲಿಲ್ಲ. ಬೆಳಕಾದೊಡನೆ ಕೆಳಮನೆಗೆ ಹೋಗಿ ಜಗಲಿಯ ಮುಂದೆ ಕೂರಲು ಶುರುಮಾಡಿತು. ಮಾವನೂ ಹಚಾ ಎನ್ನಲಿಲ್ಲ. ಹಸು ಕರು ಹಾಕಿದ ಮೇಲೆ ಅಲ್ಲಿಯ ಹಾಲೇ ಸಿಗತೊಡಗಿತು. ಉಣ್ಣುವುದು ಅಲ್ಲಿ, ರಾತ್ರಿ ಬೊಗಳುವುದೂ ಅಲ್ಲಿ, ಮಳೆ ಬಂದರೆ ಮಲಗುವುದು ಮಾತ್ರ ನಮ್ಮ ಬಚ್ಚಲ ಒಲೆಯ ಬುಡದಲ್ಲಿ. ಅಜ್ಜಿಗೆ ಇದು ಸಹಿಸದು. "ನಮ್ಮ ಸೌದೆಗೆ ಮೈ ಕಾಯಿಸಿಕೊಂಡು ಅವನ ಮನೆ ಕಾಯುತ್ತದೆ" ಎಂದು ಒಲೆಗೆ ಕೇಳಿಸುವಂತೆ ಹೇಳುತ್ತಿದ್ದಳು. ಕಡೆಗೆ ಎರಡು ವರ್ಷ ಕಳೆದು, ಒಂದು ಚಳಿಗಾಲದ ರಾತ್ರಿ ಎರಡು ಮನೆಗಳ ನಡುವಿನ ದಾರಿಯಲ್ಲೇ ಚಿರತೆ ಅದನ್ನು ಒಯ್ದಿತು. ಯಾರ ನಾಯಿ ಹೋಯಿತು ಎಂಬುದು ಇತ್ಯರ್ಥವಾಗಲೇ ಇಲ್ಲ. ಅಜ್ಜಿ ಒಂದು ಹೊತ್ತು ಯಾರೊಡನೆಯೂ ಮಾತಾಡದೆ ಕಡುಬಿಗೆ ಅಕ್ಕಿ ರುಬ್ಬಿದಳು. ಆ ದಿನ ಕಡುಬಿನ ದಿನವಾಗಿರಲಿಲ್ಲ.

ಇಷ್ಟು ಓದಿ ನೀವು ಹಳ್ಳಿಯ ಬಾಲ್ಯ ಎಷ್ಟು ಚೆಂದ ಎಂದು ನಿಟ್ಟುಸಿರು ಬಿಡುವವರಾದರೆ ದಯವಿಟ್ಟು ಬೇಡ. ಆ ನಿಟ್ಟುಸಿರು ಕಂಡರೆ ನನಗಾಗದು. ಪ್ರಾಣಿ, ಮನುಷ್ಯ ಎಲ್ಲ ಒಂದೇ ಕುಟುಂಬದಂತೆ ಬಾಳುತ್ತಿದ್ದೆವು ಎಂದು ಬರೆಯುವವರು ಒಂದೋ ಬೆಂಗಳೂರಿನಲ್ಲಿ ಹುಟ್ಟಿದವರು, ಇಲ್ಲವೇ ಅನುಕೂಲಕ್ಕೆ ತಕ್ಕಂತೆ ಮರೆತವರು. ಬೆಕ್ಕು ವರ್ಷಕ್ಕೆರಡು ಸಲ ಮರಿ ಹಾಕುತ್ತಿತ್ತು. ಅಷ್ಟು ಮರಿಗಳು ಎಲ್ಲಿ ಹೋದವು? ಗೋಣಿಚೀಲದಲ್ಲಿ ಹೋದವು. ಕಣ್ಣು ಬಿಟ್ಟು ಒಂದಷ್ಟು ದಿನವಾದ ಮೇಲೆ ಚೀಲದ ಬಾಯಿ ಕಟ್ಟಿ ಹೊಳೆಯಾಚೆ ಬಿಟ್ಟು ಬರುವುದು ಹುಡುಗರ ಕೆಲಸ. ಮೀನಿನ ಸಂತೆಯ ಹತ್ತಿರ ಬಿಡಬೇಕು, ಅಲ್ಲಾದರೆ ಬದುಕುತ್ತವೆ ಎಂದು ಅಜ್ಜಿ ಹೇಳಿ ಕಳಿಸುತ್ತಿದ್ದಳು. ಮನಸ್ಸಾಕ್ಷಿಗೆ ಅಷ್ಟು ಸಾಕಾಗುತ್ತಿತ್ತು. ಚೀಲ ಸೈಕಲ್ಲಿನ ಹಿಂದೆ ದಾರಿಯುದ್ದಕ್ಕೂ ಅಲ್ಲಾಡುತ್ತಿತ್ತು. ಗಂಡುಕರು ಹುಟ್ಟಿದರೆ ಮನೆಯಲ್ಲಿ ಒಂದು ಬಗೆಯ ಮೌನ. ಅದರ ಕಥೆಯನ್ನು ಹೇಳಲಾರೆ.

ಹಾಗೆಂದು ಇವತ್ತಿನದು ನನಗೆ ಅರ್ಥವಾಗುತ್ತದೆಯೇ, ಅದೂ ಇಲ್ಲ. ನಮ್ಮ ಮೇಲಿನ ಮಹಡಿಯ ನಾಯಿಗೆ ಹುಟ್ಟುಹಬ್ಬ ನಡೆಯಿತು. ಕೇಕು ಬಂತು. ಲಿಫ್ಟಿನಲ್ಲಿ ಸಿಕ್ಕ ಅದರ ಯಜಮಾನತಿಗೆ "ನಿಮ್ಮ ನಾಯಿ ಚೆನ್ನಾಗಿದೆ" ಎಂದದ್ದಕ್ಕೆ "ನಾಯಿ ಅನ್ನಬೇಡಿ ಅಂಕಲ್, ಅವನಿಗೆ ಬೇಜಾರಾಗುತ್ತದೆ" ಎಂದರು. ಅವನು ನನ್ನ ಚಪ್ಪಲಿ ನೆಕ್ಕುವುದರಲ್ಲಿ ತಲ್ಲೀನನಾಗಿದ್ದ. ಬೇಜಾರಿನ ಲಕ್ಷಣ ಕಾಣಲಿಲ್ಲ. ಆ ಮನೆಯಲ್ಲಿ ಅತ್ತೆಯವರೂ ಇದ್ದಾರೆ. ಅವರ ಹುಟ್ಟುಹಬ್ಬಕ್ಕೆ ಕೇಕು ಬಂದದ್ದನ್ನು ನಾನು ನೋಡಿಲ್ಲ. ನನಗೇಕೆ ಬೇಕು ಅಧಿಕಪ್ರಸಂಗ, ಬಿಡಿ.

ಹೆಸರಿಡದೆ ಸಾಕುವುದಕ್ಕೂ ಹೆಸರಿಟ್ಟು ಸಾಕುವುದಕ್ಕೂ ನಡುವೆ ಏನೋ ಒಂದು ದೊಡ್ಡ ವ್ಯತ್ಯಾಸವಿದೆ, ಅದನ್ನು ಹೇಳೋಣ ಎಂದೇ ಬರೆಯಲು ಕೂತದ್ದು. ಈಗ ನೋಡಿದರೆ ಅದಕ್ಕಿಂತ ಮುಖ್ಯವಾದ, ಮಾವನ ಪಂಚಗವ್ಯದ ಜೊತೆ ಹೋದ ಭರಣಿಯ ವಿಷಯ ಹೇಳದೆಯೇ ಉಳಿದಿದೆ.

ಪಂಚಗವ್ಯಕ್ಕೆ ಹಾಲು, ಮೊಸರು, ತುಪ್ಪ, ಗೋಮೂತ್ರ, ಸೆಗಣಿ ಐದೂ ಬೇಕಲ್ಲ. ಐದೂ ನಮ್ಮ ತುಂಗೆಯದೇ ಹೋಯಿತು. ಗೋಮೂತ್ರ ಸೆಗಣಿಗೆ ಅಜ್ಜಿ ಲೆಕ್ಕ ಇಡಲಿಲ್ಲ, ಅಷ್ಟು ಔದಾರ್ಯ ಅವಳಿಗಿತ್ತು. ಆದರೆ ಒಂದು ಚಮಚ ಸಾಕಾಗುವ ತುಪ್ಪವನ್ನು, ಪಾಪ, ಕುರಿ ಒಳಗೆ ಹೋಗಿ ಕಂಗಾಲಾಗಿದ್ದಾನೆ ಎಂದು ಅವಳು ಒಂದು ಪುಟ್ಟ ಪಿಂಗಾಣಿ ಭರಣಿಯ ತುಂಬ ಕೊಟ್ಟಿದ್ದಳು. ಅಡಿ ಬಿಳಿ, ಮೇಲರ್ಧ ಕಂದು, ಮುಚ್ಚಳದ ಅಂಚಿನಲ್ಲಿ ಬಟಾಣಿಯಷ್ಟು ಚಕ್ಕೆ ಎದ್ದ ಭರಣಿ. ಅವಳ ತವರಿನಿಂದ ಬಂದದ್ದು. ಅದು ವಾಪಸು ಬರಲಿಲ್ಲ. ಬಾಯಿಬಿಟ್ಟು ಕೇಳುವುದು ಸಣ್ಣತನ, ಕೇಳದೆ ಇರುವುದು ಸಂಕಟ. ಮಾವ ಪೇಪರು ಓದಲು ಬಂದಾಗಲೆಲ್ಲ ಅಜ್ಜಿ ಭರಣಿಗಳ ಬಗ್ಗೆ ಸಾಮಾನ್ಯವಾಗಿ ಮಾತಾಡುತ್ತಿದ್ದಳು. ಈಗಿನ ಭರಣಿಗಳಲ್ಲಿ ಸತ್ವವಿಲ್ಲ ಎನ್ನುತ್ತಿದ್ದಳು. ಹಿಂದೆ ಮನೆಯಲ್ಲಿ ಒಂದು ಒಳ್ಳೆಯ ಭರಣಿ ಇತ್ತು ಎನ್ನುತ್ತಿದ್ದಳು. ಮಾವ ಹೌದು ಹೌದು ಎಂದು ಅಡಿಕೆ ಧಾರಣೆಗೆ ಹೋಗುತ್ತಿದ್ದ.

ವರ್ಷಗಳು ಹೋದವು. ಕಾಲೇಜು ಮುಗಿಸಿ ನಾನು ಊರಿಗೆ ಬಂದಿದ್ದ ಒಂದು ಆಷಾಢದಲ್ಲಿ ಮಾವ ತೀರಿಕೊಂಡ. ವೈಕುಂಠ ಸಮಾರಾಧನೆಯ ದಿನ ಅಜ್ಜಿ ಕೋಲೂರಿಕೊಂಡು ಕೆಳಮನೆಗೆ ಹೋದಳು. ಅವನ ಫೋಟೋದ ಮುಂದೆ ನಿಂತು ನಿಜವಾಗಿ ಅತ್ತಳು. ಅಮ್ಮನೂ ನಾನೂ ಸಮಾಧಾನ ಮಾಡಿದೆವು. ಆಮೇಲೆ ಕಣ್ಣೊರೆಸಿಕೊಂಡು, ಬಡಿಸುವವರಿಗೆ ಏನಾದರೂ ಬೇಕೇನೋ ಎಂದು ಅಡುಗೆಮನೆಗೆ ಹೋದಳು. ಊಟವಾಗಿ ಗದ್ದೆಯಂಚಿನಲ್ಲಿ ಮನೆಗೆ ಬರುವಾಗ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಸೆರಗಿನೊಳಗೆ. ಹಿಡಿದುಕೊಳ್ಳಲು ಹೋದರೆ "ಬೇಡ, ನಾನೇ ನಡೆಯುತ್ತೇನೆ" ಎಂದು ಗದರಿದಳು.

ಭರಣಿ ಬರಿದಾಗಿರಲಿಲ್ಲ. ಕೆಳಮನೆಯವರು ಅದರಲ್ಲಿ ಆ ವರ್ಷದ ಅಪ್ಪೆಮಿಡಿ ಹಾಕಿಟ್ಟಿದ್ದರು. ಅಮ್ಮ ಹೌಹಾರಿ, ಮಿಡಿಯನ್ನಾದರೂ ಬೇರೆ ಪಾತ್ರೆಗೆ ಸುರಿದು ಕೊಟ್ಟು ಬರೋಣ ಎಂದಳು. ಅಜ್ಜಿ ಒಂದು ಮಿಡಿಯನ್ನು ತೊಟ್ಟು ಹಿಡಿದು ತೆಗೆದು ಮೂಸಿದಳು, ಕಚ್ಚಿದಳು. ತುಪ್ಪಕ್ಕೆ ಇಷ್ಟು ವರ್ಷದ ಬಡ್ಡಿ ಸೇರಿಸಿದರೆ ಇದು ಸರಿಹೋಗುತ್ತದೆ ಎಂದಳು. ಆ ಮಳೆಗಾಲವಿಡೀ ಗಂಜಿಗೆ ಅದನ್ನೇ ನೆಂಚಿಕೊಂಡೆವು. ಮಿಡಿ ಒಳ್ಳೆಯ ಜಾತಿಯದು, ಸೊನೆಯ ಪರಿಮಳ ಇನ್ನೂ ಇತ್ತು. ಉಪ್ಪು ಮಾತ್ರ ಒಂದು ಹಿಡಿ ಮುಂದಾಗಿದೆ, ಕೆಳಮನೆಯವರಿಗೆ ಯಾವತ್ತೂ ಅಳತೆ ಗೊತ್ತಿಲ್ಲ ಎಂದು ಅಜ್ಜಿ ಪ್ರತಿ ಊಟಕ್ಕೂ ಹೇಳುತ್ತಿದ್ದಳು.